ಕಲ್ಲಿನ ಮೇಲಿಟ್ಟ ಚೂರಿ

ಕಡೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಲ್ಲಿ, ಮೊಳೆ, ಹಗ್ಗ, ಗುದ್ದಲಿ ಕಾವು, ಇಲಿ ಬೋನು ಎಲ್ಲ ಸಿಗುತ್ತವೆ. ಇವುಗಳಲ್ಲಿ ಒಂದನ್ನೂ ನಾನು ನೆಟ್ಟಗೆ ಬಳಸಲಾರೆ ಎಂಬುದನ್ನು ನನ್ನ ಹೆಂಡತಿ ಕೋಮಲಾ ಮದುವೆಯಾದ ಹೊಸದರಲ್ಲೇ ಕಂಡುಕೊಂಡಳು. ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯಬೇಕಾದರೆ ಈಗಲೂ ಪಕ್ಕದ ಮನೆಯವರನ್ನು ಕರೆಯುತ್ತಾಳೆ. "ಇವ್ರು ಮೊಳೆ ಮಾರ್ತಾರೆ ಅಷ್ಟೆ, ಹೊಡೆಯಲ್ಲ" ಎಂದು ಅವರಿಗೆ ವಿವರಣೆ ಬೇರೆ.

ಆದರೂ ಗಲ್ಲಾಪೆಟ್ಟಿಗೆ ಮುಂದೆ ಕೂತ ಮೇಲೆ ನಾನು ಯಜಮಾನನೇ. ಗಿರಾಕಿಗಳೆಲ್ಲ "ಓಂಕಾರಮೂರ್ತಿಯವ್ರೇ" ಎನ್ನುತ್ತಾರೆ. ನಾಲ್ಕು ಜನರ ಎದುರಿಗೆ "ಲೇ ಓಂಕಾರಿ" ಎಂದು ಒಳಗೆ ನುಗ್ಗುವವನು ಉಗ್ರಪ್ಪ ಒಬ್ಬನೇ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ಎಡಗೈಯಲ್ಲಿ ಬರೆಯುವವನು, ನಾನು ಬಲಗೈಯಲ್ಲಿ. ಬರೆಯಲು ಶುರು ಮಾಡಿದರೆ ಮೊಣಕೈ ಮೊಣಕೈ ಗುದ್ದಾಡುತ್ತಿದ್ದವು. ನನ್ನ ಅಕ್ಷರ ಕೆಟ್ಟದ್ದಕ್ಕೆ ನಾನು ಇವತ್ತಿಗೂ ಅವನನ್ನೇ ದೂರುತ್ತೇನೆ.

ಹೆಸರಿನಲ್ಲಿರುವ ಉಗ್ರ ಅವನ ಹೆಸರಿಗೇ ಖರ್ಚಾಗಿಹೋಗಿದೆ. ಸ್ವಭಾವಕ್ಕೆ ಒಂದು ಚಿಟಿಕೆಯೂ ಉಳಿದಿಲ್ಲ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡರೆ ತುಳಿದವರನ್ನೇ "ನೋವಾಯ್ತಾ?" ಎಂದು ಕೇಳುವ ಆಸಾಮಿ. ಹಿರೇನಲ್ಲೂರು ಕಡೆಯ ಒಂದು ಹಳ್ಳಿಯಲ್ಲಿ ಅವನು ಪಂಚಾಯ್ತಿಯ ವಾಟರ್‌ಮ್ಯಾನ್. ಊರವರ ಬಾಯಲ್ಲಿ "ನೀರ್ ಬಿಡೋ ಉಗ್ರಪ್ಪ". ಬೆಳಗ್ಗೆ ಬೋರಿನ ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಬೀದಿಬೀದಿಯ ವಾಲು ತಿರುಗಿಸುವುದು, ಆಮೇಲೆ ಪೈಪಿನ ಜಾಡು ಹಿಡಿದು ಹೊಲ ಬದುಗಳ ಮೇಲೆ ನಡೆದು ಎಲ್ಲಿ ಸೋರುತ್ತಿದೆಯೋ ಅಲ್ಲಿ ಹಳ್ಳ ತೋಡಿ ಕಟ್ಟುವುದು. ಅದೇ ಬೋರಿನ ನೀರು ಪಕ್ಕದ ಊರಿಗೂ ಹೋಗುತ್ತದೆ. ಅಲ್ಲಿಯ ವಾಟರ್‌ಮ್ಯಾನ್ ಹೊನ್ನೇಶ. ಎರಡು ಊರಿನ ನಡುವೆ ಒಂದು ಕೆರೆ ಏರಿ, ಏರಿಯ ಕೆಳಗೆ ಒಂದು ಪೈಪು. ಪೈಪು ಒಡೆದಾಗಲೆಲ್ಲ ಇಬ್ಬರೂ ಒಂದೇ ಗುಂಡಿಯಲ್ಲಿ. ಹೀಗೆ ಕೆಸರಿನಲ್ಲಿ ಬೆಳೆದ ಸ್ನೇಹ ಅವರದು. ಉಗ್ರಪ್ಪ ಮಾತಿಗೆ ಕೂತರೆ ನಾಲ್ಕು ವಾಕ್ಯಕ್ಕೊಮ್ಮೆ "ನಮ್ಮ್ ಹೊನ್ನೇಶ" ಬರಲೇಬೇಕು. ಅವನ ಹೆಂಡತಿ ಭಾಗಮ್ಮ, "ಮದುವೆ ಮನೇಲಿ ನನ್ ಪಕ್ಕ ಇವ್ರು ಕೂತಿದ್ರೋ ಹೊನ್ನೇಶಣ್ಣ ಕೂತಿದ್ರೋ, ಫೋಟೊ ನೋಡ್ಬೇಕು" ಎನ್ನುತ್ತಾಳೆ.

ಇವರಿಬ್ಬರ ನಡುವೆ ಮೂರನೆಯದೊಂದು ಇತ್ತು. ಅದು ಉಗ್ರಪ್ಪನ ಚೂರಿ.

ಗೇಣಿಗಿಂತ ಚಿಕ್ಕದು. ಅಲಗು ನಾಲ್ಕು ಬೆರಳಿನಷ್ಟು. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಬಡಿದು ತರೀಕೆರೆಯ ಕುಲುಮೆಯಲ್ಲಿ ಮಾಡಿದ್ದು. ಮಡಚುವ ಗಿಡಚುವ ಶೋಕಿ ಇಲ್ಲ. ಅದಕ್ಕೆ ಒರೆಯನ್ನು ಮಾತ್ರ ಉಗ್ರಪ್ಪನೇ ಮಾಡಿಕೊಂಡಿದ್ದ: ಪಿವಿಸಿ ಪೈಪಿನ ತುಂಡನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಚೂರಿಯ ಮೇಲೆ ಇಟ್ಟು ಒತ್ತಿ, ಸೊಂಟದ ಬೆಲ್ಟಿಗೆ ಸಿಕ್ಕಿಸುವ ಹಾಗೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಒಡೆದ ಪೈಪಿಗೆ ಸುತ್ತಲು ಆ ಚೂರಿ; ವೈರಿನ ಸಿಪ್ಪೆ ತೆಗೆಯಲು, ಪೈಪಿನ ಬಾಯಿ ಹೆರೆಯಲು, ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ಬಿಡಿಸಲು, ಮಧ್ಯಾಹ್ನ ಸೌತೆಕಾಯಿ ಸೀಳಲು, ಎಲ್ಲಕ್ಕೂ ಅದೇ. ತೊಳೆದೇ ಸೌತೆಕಾಯಿ ಹೆಚ್ಚುತ್ತಿದ್ದನೇ ಎಂದು ನಾನು ಕೇಳಿಲ್ಲ. ಎಷ್ಟೋ ಸಲ ತಿಂದಿದ್ದೇನೆ, ಈಗ ಕೇಳಿ ಪ್ರಯೋಜನವಿಲ್ಲ.

ಹೊನ್ನೇಶನ ಹತ್ತಿರ ಸ್ವಂತದ ಚೂರಿ ಇರಲಿಲ್ಲ. "ಉಗ್ರನ್ ಹತ್ರ ಐತಲ್ಲ" ಎಂಬುದೇ ಅವನ ಚೂರಿ.

ನಮ್ಮ ಕಡೆ ಚೂರಿಯನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಗ್ಯಾರಂಟಿ. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನನ್ನ ಅಂಗಡಿಯಲ್ಲೂ ಅಷ್ಟೆ; ನಾನು ಚಾಕನ್ನು ಮೇಜಿನ ಮೇಲೆ ಇಡುತ್ತೇನೆ, ಗಿರಾಕಿ ಎತ್ತಿಕೊಳ್ಳುತ್ತಾನೆ, ನಾವು ಬೆಲೆಯ ವಿಷಯಕ್ಕೆ ಮಾತ್ರ ಜಗಳವಾಡುತ್ತೇವೆ. ಉಗ್ರಪ್ಪ ಹೊನ್ನೇಶರೂ ಇಷ್ಟು ವರ್ಷ ಈ ನೇಮ ತಪ್ಪಿದವರಲ್ಲ. ಒಬ್ಬ ಏರಿಯ ಕಲ್ಲಿನ ಮೇಲೆ ಇಡುವುದು, ಇನ್ನೊಬ್ಬ ಎತ್ತಿಕೊಳ್ಳುವುದು.

ಹೋದ ಬೇಸಿಗೆಯಲ್ಲಿ ಏರಿಯ ಕೆಳಗೆ ಪೈಪು ಒಡೆಯಿತು. ಉಗ್ರಪ್ಪ ಗುಂಡಿಯಲ್ಲಿ ಸೊಂಟದ ತನಕ ಕೆಸರಿನಲ್ಲಿ ನಿಂತು ಪೈಪು ಅದುಮಿ ಹಿಡಿದಿದ್ದ. ಹೊನ್ನೇಶ ಮೇಲೆ ಕೂತು ಟ್ಯೂಬು ಸೀಳಿದ, ಚೂರಿಯನ್ನು ಕಲ್ಲಿನ ಮೇಲಿಟ್ಟ. "ಇಟ್ಟಿದೀನಿ, ತಗೋ ಕಣೋ" ಎಂದ. "ಹೂಂ" ಎಂದ ಉಗ್ರಪ್ಪ. ಆ "ಹೂಂ" ಪೈಪಿಗೆ ಹೇಳಿದ್ದೋ ಚೂರಿಗೆ ಹೇಳಿದ್ದೋ ಅವನಿಗೂ ಗೊತ್ತಿಲ್ಲ. ಕೆಲಸ ಮುಗಿಯಿತು, ಗುಂಡಿ ಮುಚ್ಚಿದರು, ಬೀಡಿ ಸೇದಿದರು, ತಂತಮ್ಮ ಊರಿಗೆ ಹೋದರು. ಉಗ್ರಪ್ಪ ಎತ್ತಿಕೊಂಡಿದ್ದಾನೆ ಎಂದು ಹೊನ್ನೇಶ, ಹೊನ್ನೇಶ ತಂದು ಕೊಡುತ್ತಾನೆ ಎಂದು ಉಗ್ರಪ್ಪ. ಸಂಜೆ ಸೊಂಟ ಮುಟ್ಟಿ ನೋಡಿಕೊಂಡರೆ ಒರೆ ಬರಿದು. ಓಡಿಹೋಗಿ ನೋಡಿದರೆ ಏರಿಯ ಕಲ್ಲೂ ಬರಿದು.

ಜಗಳವಾಗದಿರಲಿ ಎಂದು ಹಿರಿಯರು ಮಾಡಿದ ನೇಮದಿಂದಲೇ ಜಗಳ ಹತ್ತಿತು.

"ಇಟ್ಟಿದೀನಿ ಅಂದ್ನಲ್ಲ, ಎತ್ಕೊಳ್ಳೋದು ನಿನ್ ಕೆಲ್ಸ" ಎಂದ ಹೊನ್ನೇಶ.

"ನಾನ್ ಎತ್ಕೊಳ್ಳೋ ಗಂಟ ಅದು ನಿಂದೇ ಜವಾಬ್ದಾರಿ. ಕೆಸ್ರಲ್ಲಿ ಮುಳುಗಿದ್ದೋನು ನಾನು" ಎಂದ ಉಗ್ರಪ್ಪ.

"ಒಂದು ತಗಡಿಗೆ ಇಷ್ಟು ಗೋಳೇನೋ?"

ತಗಡು ಎಂದದ್ದು ಉಗ್ರಪ್ಪನಿಗೆ ನಾಟಿತು. ಎಂದೂ ಬಿರುಸು ಮಾತಾಡದವನ ಬಾಯಿಂದ ಹೊರಬಿದ್ದದ್ದು ಇಷ್ಟು: "ಜನ್ಮದಲ್ಲಿ ಸ್ವಂತಕ್ಕೊಂದು ಚೂರಿ ಇಲ್ದೋನಿಗೆ ಏನ್ ಗೊತ್ತಾಯ್ತದೆ?" ಅದು ಹೊನ್ನೇಶನಿಗೆ ನಾಟಿತು. ಬೇರೆಯವರಾದರೆ ಇನ್ನೂ ನಾಲ್ಕು ಬೈದು ಹಗುರಾಗುತ್ತಿದ್ದರು. ಇವರಿಗೆ ಅಭ್ಯಾಸವಿಲ್ಲ. ಒಂದೊಂದೇ ಮಾತಾಡಿ ಸುಮ್ಮನಾದರು, ಸುಮ್ಮನಾದದ್ದು ಹಾಗೇ ಉಳಿದುಬಿಟ್ಟಿತು.

ಬೆಳಗ್ಗೆ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಲ್ಲಿ ಎರಡು ಪಕ್ಷವಾಯಿತು. ಇಟ್ಟ ಮೇಲೆ ಇಟ್ಟವನ ಋಣ ಹರಿಯಿತು ಎನ್ನುವವರು ಒಂದು ಕಡೆ. ಎತ್ತದ ಹೊರತು ಕೊಟ್ಟಂತೆ ಆಗಲಿಲ್ಲ ಎನ್ನುವವರು ಇನ್ನೊಂದು ಕಡೆ. ರಂಗಯ್ಯನೆಂಬ ಹಿರಿಯರೊಬ್ಬರು, "ಹಾಗಾದ್ರೆ ಇಟ್ಟು ಎತ್ತೋದ್ರ ಮಧ್ಯೆ ಚೂರಿ ಕಲ್ಲಿಗ್ ಸೇರಿದ್ದಾ?" ಎಂದು ಕೇಳಿ ಎರಡೂ ಪಕ್ಷದವರ ಬಾಯಿ ಮುಚ್ಚಿಸಿದರಂತೆ. ಹಾಲು ಹುಳಿಯಾಗದೆ ಉಳಿದದ್ದು ಅವರ ದೆಸೆಯಿಂದ.

ನೀರಂತೂ ಬಿಡಲೇಬೇಕಲ್ಲ. ಅದಕ್ಕೊಂದು ದಾರಿ ಮಾಡಿಕೊಂಡರು. ಹೊನ್ನೇಶ ಭಾಗಮ್ಮನಿಗೆ ಫೋನ್ ಮಾಡುವುದು: "ಅತ್ಗೆ, ನಮ್ ಕಡೆ ವಾಲು ತಿರುಗ್ಸಿದೀನಿ ಅಂತ ಹೇಳಿ." ಉಗ್ರಪ್ಪ ಅಲ್ಲೇ ಪಕ್ಕದಲ್ಲಿ ಮುದ್ದೆ ನುಂಗುತ್ತಾ, "ಮೋಟಾರು ಹಾಕ್ತೀನಿ ಅಂತ ಹೇಳು." ಒಂದು ದಿನ ಭಾಗಮ್ಮ ಫೋನನ್ನು ಮುದ್ದೆ ತಟ್ಟೆಯ ಪಕ್ಕ ಇಟ್ಟು, "ಇಗೋ, ಇಟ್ಟಿದೀನಿ, ಯಾರಿಗ್ ಬೇಕೋ ಎತ್ಕೊಳ್ಳಿ" ಎಂದು ಒಳಗೆ ಹೋದಳಂತೆ. ಉಗ್ರಪ್ಪ ಎತ್ತಿಕೊಳ್ಳಲಿಲ್ಲ. ಅತ್ತಲಿಂದ ಹೊನ್ನೇಶನೂ ಕಟ್ ಮಾಡಲಿಲ್ಲ. ಮುದ್ದೆ ಮುಗಿಯುವ ತನಕ ಇಬ್ಬರೂ ಉಸಿರು ಕೇಳಿಸಿಕೊಂಡು ಕೂತಿದ್ದರು.

ಇದೆಲ್ಲ ಆದಮೇಲೆ ಉಗ್ರಪ್ಪ ಹೊಸ ಚೂರಿ ಬೇಕೆಂದು ನನ್ನ ಅಂಗಡಿಗೆ ಬಂದದ್ದು.

ಇದ್ದಬದ್ದ ಚಾಕುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅವನು ಜೇಬಿನಿಂದ ಸೈಕಲ್ ಟ್ಯೂಬಿನ ತುಂಡು ತೆಗೆದ. ಬಟ್ಟೆ ಅಂಗಡಿಗೆ ಹಳೇ ರವಿಕೆ ಅಳತೆಗೆ ತಂದಂತೆ ತಂದಿದ್ದ. ಒಂದೊಂದನ್ನೇ ಎತ್ತಿ ಟ್ಯೂಬು ಸೀಳಿ ನೋಡಿ ಕೆಳಗಿಟ್ಟ. ಒಂದರ ಹಿಡಿ ಪ್ಲಾಸ್ಟಿಕ್ಕು, ಒದ್ದೆ ಕೈಯಲ್ಲಿ ಜಾರುತ್ತದೆ. ಒಂದು ಉದ್ದ, ಕುಕ್ಕರಗಾಲಲ್ಲಿ ಕೂತರೆ ಪಕ್ಕೆಗೆ ತಿವಿಯುತ್ತದೆ. ಒಂದರ ಅಲಗು ತೆಳು, ಪೈಪು ಹೆರೆದರೆ ಬಳುಕುತ್ತದೆ.

ನನ್ನ ಹೆಮ್ಮೆಯ ಮಾಲನ್ನು ಕೊನೆಗೆ ತೆಗೆದೆ. ಮಡಚುವ ಚಾಕು, ಒಳಗೆ ಕತ್ತರಿ, ಗರಗಸ, ಬಿರಡೆ ತೆಗೆಯುವ ಸುರುಳಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ. ಇಂಥದ್ದೇ ಒಂದನ್ನು ನಾನೂ ಇಟ್ಟುಕೊಂಡಿದ್ದೇನೆ. ಒಮ್ಮೆ ಹೆಬ್ಬೆ ಜಲಪಾತಕ್ಕೆ ಹೋದಾಗ ಅದರಿಂದ ಚಕ್ಕುಲಿ ಪೊಟ್ಟಣ ಒಡೆಯಲು ಹೋಗಿ ಮೊದಲು ಗರಗಸ ಬಂತು, ಆಮೇಲೆ ಕತ್ತರಿ ಬಂತು, ಅಷ್ಟರಲ್ಲಿ ಕೋಮಲಾ ಹಲ್ಲಿನಿಂದ ಪೊಟ್ಟಣ ಕಚ್ಚಿ ಅರ್ಧ ಚಕ್ಕುಲಿ ಮುಗಿಸಿದ್ದಳು.

ಉಗ್ರಪ್ಪ ಅದನ್ನು ಬಿಚ್ಚಿ, ಮಡಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಕೀಲಿಗೆ ಕೆಸ್ರು ಹೊಕ್ಕೊಂಡ್ರೆ ಆಯ್ತು ಇದ್ರ ಕತೆ. ಇದು ಆಫೀಸ್ನೋರ್ಗೆ ಕಣೋ, ಓಂಕಾರಿ. ನಂಗೆ ಮಡಚ್ದೆ ಇರೋದು ಬೇಕು."

ಮಡಚದವು ಎರಡು ಉಳಿದಿದ್ದವು, ನೋಡಲು ಗಟ್ಟಿಮುಟ್ಟಾದವೇ. ಅವನ್ನೂ ಎಳೆದು ನೋಡಿ ಮುಖ ಸಿಂಡರಿಸಿದ. "ಓಡ್ತೈತೆ."

"ಏನ್ ಓಡುತ್ತೋ?"

"ನಾನ್ ಒಂದ್ ಕಡೆ ಎಳುದ್ರೆ ಅದು ಇನ್ನೊಂದ್ ಕಡೆ ಹೋಯ್ತದೆ. ನಂದು ಹಂಗ್ ಓಡ್ತಿರ್ಲಿಲ್ಲ. ಯಾಕೋ ಗೊತ್ತಿಲ್ಲ." ಸೊಟ್ಟಗೆ ಸೀಳಿದ ಟ್ಯೂಬನ್ನು ನೋಡುತ್ತಾ, "ಹೊನ್ನೇಶಂಗೆ ಗೊತ್ತಿರ್ತದೆ" ಎಂದ. ಎಂದವನೇ ಟ್ಯೂಬು ಜೇಬಿಗೆ ತುರುಕಿ ಎದ್ದ.

ಮುಂದಿನ ವಾರ ನನ್ನ ಸ್ಕೂಟರಿನಲ್ಲಿ ಅಜ್ಜಂಪುರದ ಸಂತೆಗೆ ಹೋದೆವು. ಗೆಳೆಯನಿಗೆ ಬೇಕಾದ ಮಾಲು ನನ್ನ ಅಂಗಡಿಯಲ್ಲಿಲ್ಲ ಎಂಬುದು ನನಗೂ ಚುಚ್ಚಿತ್ತು. ಸಂತೆಯಲ್ಲಿ ಟಾರ್ಪಾಲಿನ ಮೇಲೆ ಕುಡುಗೋಲು, ಮಚ್ಚು, ಚೂರಿ ಹರಡಿಕೊಂಡವರು ಇದ್ದರು. ಉಗ್ರಪ್ಪ ಪ್ರತಿಯೊಬ್ಬರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಟ್ಯೂಬು ಸೀಳಿದ. ಟ್ಯೂಬು ದಾರದಷ್ಟು ಸಣ್ಣಗಾಯಿತು. ಆಮೇಲೆ ಪಕ್ಕದವಳ ಈರುಳ್ಳಿ ರಾಶಿಯಿಂದ ಒಂದೊಂದೇ ತೆಗೆದುಕೊಂಡು ಕೊಯ್ದು ನೋಡತೊಡಗಿದ. "ಕುಯ್ದಿದ್ದೆಲ್ಲ ತಗೊಂಡ್ಹೋಗ್ಬೇಕು, ಅಣ್ಣ" ಎಂದಳು ಆಕೆ. ತಗೊಂಡೆವು. ಎಲ್ಲ ಚೂರಿಯೂ ಓಡಿತು. ಪ್ರತಿ ಸಲವೂ ಅವನು ತಲೆಯೆತ್ತಿ ಪಕ್ಕಕ್ಕೆ ತಿರುಗುತ್ತಿದ್ದ, ಯಾರಿಗೋ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಅಲ್ಲಿ ನಾನಿರುವುದನ್ನು ಕಂಡು ಮುಚ್ಚಿಕೊಳ್ಳುತ್ತಿದ್ದ. ನನಗೇನೂ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ವಾಪಸು ಬರುವಾಗ ಅಂತರಘಟ್ಟೆಯಲ್ಲಿ ಟೀ ಕುಡಿಯಲು ನಿಂತೆವು. ಚೂರಿ ಹುಡುಕುತ್ತಿದ್ದೇವೆ ಎಂದು ನಾನು ಅಂದುಕೊಂಡದ್ದು ತಪ್ಪೆಂದು ಅಲ್ಲಿ ನನಗೆ ಹೊಳೆಯಿತು. ಅಂಗಡಿಯವನಿಗೆ ಎರಡು ಟೀ ಹೇಳಿದೆ. ಉಗ್ರಪ್ಪ ಅಭ್ಯಾಸಬಲದಿಂದ, "ಒಂದುಕ್ ಸಕ್ರೆ ಕಮ್ಮಿ" ಎಂದ. ನಮ್ಮಿಬ್ಬರಿಗೂ ಸಕ್ಕರೆ ಬೇಕು. ಕಮ್ಮಿ ಬೇಕಾದದ್ದು ಹೊನ್ನೇಶನಿಗೆ. ಆ ಸಪ್ಪೆ ಟೀಯನ್ನು ನಾನೇ ಕುಡಿದೆ. ಬೇಕಾಗಿದ್ದದ್ದು ಚೂರಿಯಲ್ಲ, ಚೂರಿಯನ್ನು ಎರವಲು ಕೇಳುವವನು; ಅದು ಯಾವ ಸಂತೆಯಲ್ಲೂ ಇರಲಿಲ್ಲ.

ಮನೆಗೆ ಹೋದಾಗ ಭಾಗಮ್ಮ ಚೀಲ ಬಿಚ್ಚಿ ನೋಡಿದಳು. "ಚೂರಿ ತರಕ್ಕೋದೋರು ಕುಯ್ದ್ ಈರುಳ್ಳಿ ತಂದವ್ರೆ. ಇನ್ನು ತರೀಕೆರೆಗೆ ಹೋದ್ರೆ ಏನ್ ತತ್ತೀರೋ!"

ತರೀಕೆರೆಗೆ ಹೋಗಿಯೇ ಬಿಟ್ಟೆವು. ಹಳೇ ಚೂರಿ ಮಾಡಿದ ಕುಲುಮೆ ಇನ್ನೂ ಅಲ್ಲೇ ಇತ್ತು. ಕಮ್ಮಾರ ಇಷ್ಟು ವರ್ಷ ಬಡಿದೂ ಬಡಿದೂ ಕಿವಿ ಮಂದವಾಗಿಸಿಕೊಂಡಿದ್ದ. ವ್ಯವಹಾರವೆಲ್ಲ ಅವನ ಹೆಂಡತಿ ಹುಲಿಗೆಮ್ಮನದು. ಗಿರಾಕಿ ಹೇಳಿದ್ದನ್ನು ಅವಳು ಗಂಡನಿಗೆ ಕೈಸನ್ನೆಯಲ್ಲಿ ಹೇಳುತ್ತಾಳೆ, ಅವನು ತಲೆಯಾಡಿಸಿ ತನಗೆ ಸರಿಕಂಡದ್ದನ್ನು ಮಾಡುತ್ತಾನೆ.

ಉಗ್ರಪ್ಪ ಅಳತೆ ಹೇಳಿದ. ನಾಲ್ಕು ಬೆರಳು ಅಲಗು, ಬೆನ್ನು ದಪ್ಪ, ಹಿಡಿ ಹುಣಸೆ ಮರದ್ದು, ಹಿಡಿಯ ಕೊನೆಯಲ್ಲಿ ದಾರ ಕಟ್ಟಲು ತೂತು. ಹೇಳುತ್ತಾ ಎಡಗೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ. ಹುಲಿಗೆಮ್ಮ ಆ ಕೈಯನ್ನೇ ನೋಡಿದಳು.

"ಎಡಚ್ರಾ ನೀವು?"

"ಹೂಂ, ಯಾಕೆ?"

"ಇಂಥದ್ದೇ ಒಂದು ಆಗೈತಲ್ಲಪ್ಪ. ಕಡೂರ್ ಕಡೆಯೋರ್ ಯಾರೋ ಬಂದು ಮಾಡಾಕ್ ಹೇಳಿ ಹೋಗವ್ರೆ. ಎಡಚ್ರುದು, ಸಾಣೆ ಆ ಕಡೆಗ್ ಹಿಡೀಬೇಕು ಅಂತ ಮೂರ್ ಮೂರ್ ಸಲ ಹೇಳುದ್ರು. ನಮ್ ಯಜಮಾನ್ರು, ಇಂಥದ್ದು ಮುಂಚೆ ಒಂದ್ ಮಾಡಿದ್ದೆ ಅಂತ ನಗ್ತಿದ್ರು. ಇವತ್ತು ತಗೊಂಡ್ ಹೋಗ್ತೀನಿ ಅಂದವ್ರೆ."

ಉಗ್ರಪ್ಪ ಅಲ್ಲೇ ಕಲ್ಲಿನ ಮೇಲೆ ಕೂತ. ಆಗ ನನಗೆ ಅರ್ಥವಾಯಿತು. ಹಳೇ ಚೂರಿ ಮಾಡುವಾಗ ಕಮ್ಮಾರ ಇವನ ಕೈ ನೋಡಿ ಸಾಣೆಯನ್ನು ಎಡಗೈಯವರಿಗೆ ತಕ್ಕಂತೆ ಒಂದೇ ಬದಿಗೆ ಹಿಡಿದಿದ್ದ, ಹೇಳಿರಲಿಲ್ಲ. ಇವನ ಕೈ ಅದಕ್ಕೇ ಒಗ್ಗಿಹೋಗಿತ್ತು, ಉಳಿದದ್ದೆಲ್ಲ ಓಡುತ್ತಿತ್ತು. ಒಂದೇ ಬೆಂಚಿನಲ್ಲಿ ಕೂತು ಆ ಮೊಣಕೈಯ ಗುದ್ದು ತಿಂದ ನನಗೇ ಇದು ಹೊಳೆದಿರಲಿಲ್ಲ. ಚಾಕು ಮಾರುವವನು ಬೇರೆ ನಾನು.

ಹೊರಗೆ ಮೊಪೆಡ್ ನಿಂತಿತು. ಹೊನ್ನೇಶ ಇಳಿದ. ಉಗ್ರಪ್ಪನನ್ನು ನೋಡಿದ, ನನ್ನನ್ನು ನೋಡಿದ, ವಾಪಸು ಹತ್ತಲೋ ಎಂದು ಮೊಪೆಡ್ಡನ್ನು ನೋಡಿದ. ಅಷ್ಟರಲ್ಲಿ ಹುಲಿಗೆಮ್ಮ ಚೂರಿ ತಂದು ಅವನ ಮುಂದಿನ ಹಲಗೆಯ ಮೇಲಿಟ್ಟಳು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಎತ್ತಿಕೊಂಡ, ಅಲಗನ್ನು ಹೆಬ್ಬೆರಳಿನಲ್ಲಿ ನೋಡಿದ, ಹೋಗಿ ಉಗ್ರಪ್ಪನ ಪಕ್ಕದ ಕಲ್ಲಿನ ಮೇಲಿಟ್ಟ.

"ತಗೋ."

ಉಗ್ರಪ್ಪ ಎತ್ತಿಕೊಳ್ಳಲಿಲ್ಲ. "ನಿಂಗ್ಯಾವನ್ ಹೇಳ್ದ ಅದು ಎಡಚ್ರುದು ಅಂತ?"

"ಯಾವನ್ ಹೇಳ್ಬೇಕಲೇ? ಇಷ್ಟ್ ವರ್ಷ ನಿನ್ ಚೂರೀಲಿ ಕುಯ್ದೋನು ನಾನಲ್ವಾ? ನಾನ್ ಸೀಳಿದ್ ಟ್ಯೂಬು ಒಂದಾದ್ರೂ ನೆಟ್ಟಗಿತ್ತಾ? ಎಲ್ಲಾ ಹಾವು ಹರ್ದಂಗೆ. ನೀನ್ ನೋಡಿ ನಗ್ತಿದ್ದೆ."

"ಮತ್ತೆ ಹೇಳಾಕ್ ಏನಾಗಿತ್ತು?"

"ಹೇಳುದ್ರೆ ಸ್ವಂತಕ್ಕೊಂದ್ ತಗೋ ಅಂತಿದ್ದೆ."

ಕುಲುಮೆಯಲ್ಲಿ ಸುತ್ತಿಗೆ ಸದ್ದು ನಿಂತಿತು. ಕಮ್ಮಾರನಿಗೆ ಏನೂ ಕೇಳಿಸದಿದ್ದರೂ ನೋಡಲು ತಿರುಗಿದ್ದ. ಚೂರಿ ಕಲ್ಲಿನ ಮೇಲೇ ಇತ್ತು. ಒಬ್ಬ ಇಟ್ಟವನು, ಒಬ್ಬ ಎತ್ತದವನು; ಡೈರಿಯ ಎರಡೂ ಪಕ್ಷದವರು ಅಲ್ಲಿ ಇದ್ದಿದ್ದರೆ ಉಸಿರು ಬಿಡುತ್ತಿರಲಿಲ್ಲ. ಹುಲಿಗೆಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. "ಯಾರಾದ್ರೂ ಎತ್ಕೊಳ್ರಪ್ಪ, ಇದ್ದಿಲಿನ ಕಿಡಿ ಹಾರ್ತವೆ, ಹಿಡಿ ಸುಟ್ಟೋದಾತು."

ಉಗ್ರಪ್ಪ ಎಡಗೈ ಚಾಚಿದ. ಕಲ್ಲಿನ ಕಡೆಗಲ್ಲ, ಹೊನ್ನೇಶನ ಕಡೆಗೆ.

"ಕೈಗೇ ಕೊಡು."

"ಕೈಗಾ? ಜಗಳ ಆಯ್ತದೆ ಕಣೋ."

"ಆಗೋ ಜಗಳ ಆಗೋಯ್ತಲ್ಲ. ಇನ್ನೇನ್ ಬಾಕಿ ಐತೆ? ಕೊಡು."

ಹೊನ್ನೇಶ ಚೂರಿ ಎತ್ತಿ, ಅಲಗನ್ನು ತಾನು ಹಿಡಿದು, ಹಿಡಿಯನ್ನು ಗೆಳೆಯನ ಅಂಗೈಗೆ ಇಟ್ಟ. ಉಗ್ರಪ್ಪ ಜೇಬಿನಿಂದ ದಾರದಂತಾಗಿದ್ದ ಟ್ಯೂಬು ತೆಗೆದು ಎಳೆದ. ನೆಟ್ಟಗೆ ಸೀಳಿತು. ಇಬ್ಬರೂ ಅದನ್ನೇ ನೋಡುತ್ತಾ ಉಳಿದರು, ಅದರಲ್ಲೇನೋ ಬರೆದಿದ್ದಂತೆ.

"ತಗಡಲ್ಲ ಬಿಡು" ಎಂದ ಹೊನ್ನೇಶ.

ಆಮೇಲೆ ಉಗ್ರಪ್ಪ ಹುಲಿಗೆಮ್ಮನ ಕಡೆ ತಿರುಗಿ, "ಅಮ್ಮಾ, ಇಂಥದ್ದೇ ಇನ್ನೊಂದು. ಬಲಗೈನೋರ್ದು" ಎಂದ. ಬೇಡ ಬೇಡ ಎಂದು ಹೊನ್ನೇಶ ಕೊಸರಾಡಿದ. ಉಗ್ರಪ್ಪ ಕೇಳಲಿಲ್ಲ. ನನಗೂ ಸುಮ್ಮನೆ ನಿಂತಿರಲು ನಾಚಿಕೆಯಾಗಿ ಒಂದು ಚೂರಿ ಕೊಂಡೆ. ಕೋಮಲಾ ಅದನ್ನು ನನ್ನ ಕೈಗೆ ಕೊಡುವುದೂ ಇಲ್ಲ, ಕೆಳಗಿಡುವುದೂ ಇಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.

ಮೊನ್ನೆ ಪೈಪಿನ ಸಾಮಾನು ಕೊಡಲು ಕೆರೆ ಏರಿಗೆ ಹೋಗಿದ್ದೆ. ಮತ್ತೆ ಅದೇ ಗುಂಡಿ, ಅದೇ ಕೆಸರು. ಉಗ್ರಪ್ಪ ಒಳಗೆ, ಹೊನ್ನೇಶ ಮೇಲೆ. ಹೊನ್ನೇಶನ ಸೊಂಟದಲ್ಲಿ ಹೊಚ್ಚಹೊಸ ಚೂರಿ, ಹೊಸ ಪೈಪಿನ ಒರೆ. ಟ್ಯೂಬು ಸೀಳುವ ಹೊತ್ತಿಗೆ ಅವನು ತನ್ನ ಸೊಂಟ ಮುಟ್ಟಲಿಲ್ಲ. ಗುಂಡಿಯ ಕಡೆ ಕೈ ಚಾಚಿದ.

"ಲೇ ಉಗ್ರ, ಚೂರಿ ಕೊಡೋ."

"ನಿಂದ್ ಐತಲ್ಲೋ!"

"ಅದು ನೆಟ್ಟಗ್ ಕುಯ್ತದೆ ಕಣೋ, ಅಭ್ಯಾಸ ಇಲ್ಲ."

ಉಗ್ರಪ್ಪ ಬೈಯುತ್ತಲೇ ಕೆಸರು ಕೈಯಿಂದ ಚೂರಿ ಎಳೆದು, ಅವನ ಅಂಗೈಗೇ ಇಟ್ಟ. ಏರಿಯ ಕಲ್ಲಿನ ಮೇಲೆ ಆಗ ಕೂತಿದ್ದವನು ನಾನು.